ಇಂಟರ್‌ಕೂಲರ್ ಪೈಪ್ ಬದಲಿಸಿದರೆ ಟರ್ಬೊ ಕಾರಿನ ಶಕ್ತಿ ಹೆಚ್ಚುತ್ತದೆಯೇ? ವಾಸ್ತವ ಇಲ್ಲಿದೆ

"ನಿಮ್ಮದು ಟರ್ಬೊ ಕಾರಾ? ಕಂಪನಿಯ ಪ್ಲಾಸ್ಟಿಕ್ ಪೈಪ್ ಕಿತ್ತು ಅಲ್ಯೂಮಿನಿಯಂ ಪೈಪ್ ಹಾಕಿಸಿ, ಆಮೇಲೆ ಪಿಕಪ್ ನೋಡಿ!" ಈ ಧಾಟಿಯ ರೀಲ್ಸ್, ವಾಟ್ಸ್‌ಆ್ಯಪ್ ಫಾರ್ವರ್ಡ್‌ಗಳು ಕಾರುಪ್ರಿಯರ ಗುಂಪುಗಳಲ್ಲಿ ಓಡಾಡುತ್ತಲೇ ಇರುತ್ತವೆ. ಬಾನೆಟ್ ತೆರೆದರೆ ಫಳಫಳ ಹೊಳೆಯುವ ಪೈಪು, ನೀಲಿ ಅಥವಾ ಕೆಂಪು ಬಣ್ಣದ ಸಿಲಿಕೋನ್ ಹೋಸು, ಹಿನ್ನೆಲೆಯಲ್ಲಿ 'ಪ್ಶ್ಶ್' ಎನ್ನುವ ಸದ್ದು. ನೋಡಿದವರಿಗೆ ನಮ್ಮ ಕಾರಿಗೂ ಹಾಕಿಸೋಣ ಅನ್ನಿಸುವುದು ಸಹಜ.

ಆದರೆ ಪೈಪ್ ಬದಲಿಸಿದ ಮಾತ್ರಕ್ಕೆ ಶಕ್ತಿ ಹೆಚ್ಚುತ್ತದೆಯೇ? ತಪ್ಪಾಗಿ ಜೋಡಿಸಿದರೆ ಏನಾಗುತ್ತದೆ? ಕಾನೂನು ಏನು ಹೇಳುತ್ತದೆ? ಒಂದೊಂದಾಗಿ ನೋಡೋಣ.

ಚುಟುಕಾಗಿ ಹೇಳುವುದಾದರೆ

- ಕಂಪನಿಯಿಂದ ಬಂದ ಸ್ಥಿತಿಯಲ್ಲೇ ಇರುವ ಸಣ್ಣ ಟರ್ಬೊ ಕಾರಿಗೆ ಬರೀ ಪೈಪ್ ಬದಲಿಸಿದರೆ ಗಮನಕ್ಕೆ ಬರುವಷ್ಟು ಶಕ್ತಿ ಹೆಚ್ಚುವುದಿಲ್ಲ.
- ಹಳೆಯ ಪೈಪ್ ಬಿರುಕು ಬಿಟ್ಟಿದ್ದರೆ, ಅಥವಾ ಎಂಜಿನ್‌ನ ಗಾಳಿಯ ಒತ್ತಡವನ್ನೇ ಹೆಚ್ಚಿಸಿದ್ದರೆ, ಗಟ್ಟಿ ಪೈಪ್‌ನಿಂದ ನಿಜವಾದ ಪ್ರಯೋಜನವಿದೆ.
- ಕಳಪೆ ಜೋಡಣೆ ಅಪಾಯಕಾರಿ. ಓವರ್‌ಟೇಕ್ ಮಾಡುವಾಗಲೇ ಪೈಪ್ ಕಳಚಿ, ಕಾರಿನ ಶಕ್ತಿ ಒಮ್ಮೆಲೇ ಕುಸಿಯಬಹುದು.
- ಹಾರ್ಡ್‌ವೇರ್ ಅಂಗಡಿಯ ಪಿವಿಸಿ ಪೈಪನ್ನು ಇಲ್ಲಿ ಬಳಸಲೇಬಾರದು.

ಇಂಟರ್‌ಕೂಲರ್ ಎಂದರೇನು?

ಸೈಕಲ್‌ಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದನ್ನು ನೀವು ಗಮನಿಸಿರುತ್ತೀರಿ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಟರ್ಬೊ ಮಾಡುವುದೂ ಇದೇ ಕೆಲಸ. ಸೈಲೆನ್ಸರ್ ಕಡೆಗೆ ಹೋಗುವ ಹೊಗೆಯ ರಭಸದಿಂದ ಒಂದು ಚಕ್ರ ತಿರುಗುತ್ತದೆ. ಅದೇ ದಂಡಕ್ಕೆ ಜೋಡಿಸಿದ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯುಕಿ ಈ ಕಲ್ಪನೆಗೆ ಪೇಟೆಂಟ್ ಪಡೆದದ್ದು 1905ರಲ್ಲಿ.

ಹೊರಗಿನ ತಾಪಮಾನ 30 ಡಿಗ್ರಿ ಸೆಲ್ಸಿಯಸ್ ಎಂದುಕೊಳ್ಳಿ. ಟರ್ಬೊ 1 ಬಾರ್ ಹೆಚ್ಚುವರಿ ಒತ್ತಡ ಕೊಡುತ್ತಿದೆ, ಅಂದರೆ ಗಾಳಿಯ ಒತ್ತಡ ಎರಡು ಪಟ್ಟಾಗಿದೆ. ಟರ್ಬೊದ ದಕ್ಷತೆ 70 ಶೇಕಡಾ ಎಂದು ಹಿಡಿದು ಲೆಕ್ಕ ಹಾಕಿದರೆ, ಹೊರಬರುವ ಗಾಳಿಯ ಬಿಸಿ ಸುಮಾರು 125 ಡಿಗ್ರಿ! ಕುದಿಯುವ ನೀರಿಗಿಂತಲೂ ಬಿಸಿ.

ಬಿಸಿ ಗಾಳಿ ತೆಳುವಾಗಿರುತ್ತದೆ, ಅಷ್ಟೇ ಜಾಗದಲ್ಲಿ ಆಮ್ಲಜನಕ ಕಡಿಮೆ. ಪೆಟ್ರೋಲ್ ಎಂಜಿನ್‌ನಲ್ಲಾದರೆ ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ಉರಿದು 'ನಾಕಿಂಗ್' ಆಗುವ ಅಪಾಯವೂ ಇದೆ. ಹಾಗಾಗಿ ಗಾಳಿಯನ್ನು ತಣಿಸಿ ಕಳಿಸಬೇಕು. ಆ ಕೆಲಸ ಮಾಡುವುದೇ ಇಂಟರ್‌ಕೂಲರ್. ನೋಡಲು ರೇಡಿಯೇಟರ್‌ನಂತೆ ಇರುತ್ತದೆ, ಒಳಗೆ ಹರಿಯುವುದು ಗಾಳಿ. ಇದೇ ಗಾಳಿಯನ್ನು 125 ಡಿಗ್ರಿಯಿಂದ 50 ಡಿಗ್ರಿಗೆ ಇಳಿಸಿದರೆ, ಅದೇ ಒತ್ತಡದಲ್ಲಿ ಅದರ ಸಾಂದ್ರತೆ ಸುಮಾರು 23 ಶೇಕಡಾ ಹೆಚ್ಚುತ್ತದೆ.

ಟರ್ಬೊದಿಂದ ಇಂಟರ್‌ಕೂಲರ್‌ವರೆಗಿನ ಪೈಪನ್ನು 'ಹಾಟ್ ಸೈಡ್' ಎಂದೂ, ಇಂಟರ್‌ಕೂಲರ್‌ನಿಂದ ಎಂಜಿನ್‌ವರೆಗಿನದನ್ನು 'ಕೋಲ್ಡ್ ಸೈಡ್' ಎಂದೂ ಗ್ಯಾರೇಜಿನವರು ಕರೆಯುತ್ತಾರೆ. ನಾವು ಮಾತಾಡುತ್ತಿರುವುದು ಈ ಎರಡು ಪೈಪ್‌ಗಳ ಬಗ್ಗೆ.

ಇಂಟರ್‌ಕೂಲರ್ ಎಲ್ಲ ಕಾರಿನಲ್ಲೂ ಒಂದೇ ಜಾಗದಲ್ಲಿ ಇರುವುದಿಲ್ಲ. ಹಲವು ಕಾರುಗಳಲ್ಲಿ ಬಂಪರ್ ಹಿಂದೆ, ಹಳೆಯ 3.0 ಲೀಟರ್ ಫಾರ್ಚುನರ್‌ನಲ್ಲಿ ಎಂಜಿನ್ ಮೇಲೆ. ಬಾನೆಟ್‌ನ ಮೇಲಿನ ಆ ಕಿಂಡಿ ಶೋಕಿಗಲ್ಲ, ಅದು ಇಂಟರ್‌ಕೂಲರ್‌ಗೆ ಗಾಳಿ ಬಿಡಲು. ಫೋಕ್ಸ್‌ವ್ಯಾಗನ್‌ನ 1.0 ಟಿಎಸ್‌ಐ ಎಂಜಿನ್‌ನಲ್ಲಿ ನೀರಿನಿಂದ ತಣಿಯುವ ಇಂಟರ್‌ಕೂಲರ್ ಇನ್‌ಟೇಕ್ ಮ್ಯಾನಿಫೋಲ್ಡ್‌ನ ಒಳಗೇ ಇದೆ. ಆದ್ದರಿಂದ "ಎಲ್ಲ ಟರ್ಬೊ ಕಾರಿಗೂ ಹೊಂದುವ ಕಿಟ್" ಎಂಬ ಜಾಹೀರಾತನ್ನು ಕಂಡಾಗ ಮೊದಲು ಅನುಮಾನ ಪಡಿ.

ಹೇಳಿಕೆ 1: ದೊಡ್ಡ ಪೈಪ್ ಹಾಕಿದರೆ ಶಕ್ತಿ ಹೆಚ್ಚುತ್ತದೆ

ಕಂಪನಿ ಕೊಟ್ಟ ಪೈಪ್ ಕಿರಿದಾಗಿದೆ, ಗಾಳಿಗೆ ಉಸಿರುಕಟ್ಟುತ್ತದೆ ಎನ್ನುವುದು ಇದರ ಹಿಂದಿನ ವಾದ. ಲೆಕ್ಕ ಹಾಕಿ ನೋಡೋಣ.

120 ಅಶ್ವಶಕ್ತಿಯ ಒಂದು ಪೆಟ್ರೋಲ್ ಟರ್ಬೊ ಎಂಜಿನ್, ಪೂರ್ತಿ ಶಕ್ತಿಯಲ್ಲಿ ಓಡುವಾಗ ಸೆಕೆಂಡಿಗೆ ಸುಮಾರು 90 ಗ್ರಾಂ ಗಾಳಿ ಎಳೆದುಕೊಳ್ಳುತ್ತದೆ. ಎರಡು ಪಟ್ಟು ಒತ್ತಡ, 50 ಡಿಗ್ರಿ ತಾಪದಲ್ಲಿ ಇದು ಸೆಕೆಂಡಿಗೆ 42 ಲೀಟರ್ ಆಗುತ್ತದೆ. ಒಳಗಿನ ಅಗಲ 50 ಮಿ.ಮೀ. ಇರುವ ಪೈಪ್‌ನಲ್ಲಿ ಈ ಗಾಳಿಯ ವೇಗ ಸೆಕೆಂಡಿಗೆ ಸುಮಾರು 21 ಮೀಟರ್. ಆ ತಾಪದಲ್ಲಿ ಶಬ್ದದ ವೇಗ ಸೆಕೆಂಡಿಗೆ 360 ಮೀಟರ್. ಅಂದರೆ ಗಾಳಿ ಆರಾಮವಾಗಿಯೇ ಹೋಗುತ್ತಿದೆ.

ಈ ವೇಗದಲ್ಲಿ ಬಾಗು, ಘರ್ಷಣೆ ಎಲ್ಲ ಸೇರಿಸಿದರೂ ಪೈಪ್‌ನಲ್ಲಿ ಕಳೆದುಹೋಗುವ ಒತ್ತಡ ಸುಮಾರು 1 ರಿಂದ 2 ಕಿಲೋಪಾಸ್ಕಲ್. ಟರ್ಬೊ ಕೊಡುತ್ತಿರುವುದು 100 ಕಿಲೋಪಾಸ್ಕಲ್. ಪೈಪ್ ಎಷ್ಟೇ ದೊಡ್ಡದು ಮಾಡಿದರೂ ಉಳಿತಾಯವಾಗುವುದು ಆ 1-2 ಶೇಕಡಾ ಒಳಗೇ.

ಅದೂ ಶಕ್ತಿಯಾಗಿ ಸಿಗುವುದಿಲ್ಲ. ಇಂದಿನ ಕಾರುಗಳಲ್ಲಿ ಎಷ್ಟು ಒತ್ತಡ ಇರಬೇಕು ಎಂದು ತೀರ್ಮಾನಿಸುವುದು ಇಸಿಯು, ಅಂದರೆ ಎಂಜಿನ್‌ನ ಕಂಪ್ಯೂಟರ್. ಪೈಪ್‌ನ ತಡೆ ಸ್ವಲ್ಪ ಕಡಿಮೆಯಾದರೆ ಇಸಿಯು ಟರ್ಬೊದ ಕೆಲಸವನ್ನೇ ಅಷ್ಟು ಕಡಿಮೆ ಮಾಡಿ, ನಿಗದಿಯಾದ ಒತ್ತಡಕ್ಕೇ ತಂದು ನಿಲ್ಲಿಸುತ್ತದೆ.

ಹಾಗಾದರೆ ದೊಡ್ಡ ಪೈಪ್ ಯಾವಾಗ ಬೇಕು? ದೊಡ್ಡ ಟರ್ಬೊ ಕೂರಿಸಿ, ಇಸಿಯು ರೀಮ್ಯಾಪ್ ಮಾಡಿಸಿ, ಶಕ್ತಿಯನ್ನು 300 ಅಶ್ವಶಕ್ತಿಗೆ ಏರಿಸಿದ ಕಾರಿಗೆ. ಗಾಳಿಯ ವೇಗ ಎರಡೂವರೆ ಪಟ್ಟಾದರೆ ಒತ್ತಡದ ನಷ್ಟ ಸುಮಾರು ಆರು ಪಟ್ಟಾಗುತ್ತದೆ. ಆಗ 63 ಮಿ.ಮೀ. ಪೈಪ್‌ಗೆ ಅರ್ಥವಿದೆ. ಟ್ರ್ಯಾಕ್‌ಗೆಂದೇ ಸಿದ್ಧಪಡಿಸಿದ ಕಾರಿನ ವಿಡಿಯೊ ನೋಡಿ ಮನೆಯ ಕಾರಿಗೆ ಅದನ್ನೇ ಮಾಡಿಸಿದರೆ ಹಣ ಹೋಗುತ್ತದೆ, ಲಾಭ ಬರುವುದಿಲ್ಲ.

"ಆದರೆ ಹಾಕಿಸಿದವರಿಗೆ ವ್ಯತ್ಯಾಸ ಗೊತ್ತಾಗಿದೆಯಲ್ಲ?"

ಗೊತ್ತಾಗಿರಬಹುದು, ಅದಕ್ಕೆ ಎರಡು ಕಾರಣಗಳಿವೆ. ಒಂದು, ಸದ್ದು. ಕಂಪನಿಯ ಪೈಪ್‌ಗಳಲ್ಲಿ ಟರ್ಬೊದ ಶಿಳ್ಳೆ ಕೇಳಿಸದಂತೆ ತಡೆಯುವ ಸಣ್ಣ ಉಬ್ಬುಡಬ್ಬಿ ಹಲವು ಕಾರುಗಳಲ್ಲಿ ಇರುತ್ತದೆ. ಅದು ಹೋದಾಗ ಸದ್ದು ಹೆಚ್ಚುತ್ತದೆ, ಕಾರು ಜೋರಾಗಿದೆ ಅನ್ನಿಸುತ್ತದೆ. ಎರಡು, ಹಳೆಯ ಪೈಪ್ ಮೊದಲೇ ಸೋರುತ್ತಿದ್ದಿರಬಹುದು. ಸೋರಿಕೆ ನಿಂತಾಗ ಕಾರು ತನ್ನ ಮೂಲ ಶಕ್ತಿಗೆ ಮರಳಿರುತ್ತದೆ. ಅಂಥವರಿಗೆ ಕಂಪನಿಯ ಹೊಸ ಪೈಪ್ ಹಾಕಿದ್ದರೂ ಅದೇ ಫಲ ಸಿಗುತ್ತಿತ್ತು.

ಹೇಳಿಕೆ 2: ಅಲ್ಯೂಮಿನಿಯಂ ಪೈಪ್ ಗಾಳಿಯನ್ನು ತಣ್ಣಗೆ ಇಡುತ್ತದೆ

ಅಲ್ಯೂಮಿನಿಯಂ ಶಾಖವನ್ನು ಪ್ಲಾಸ್ಟಿಕ್‌ಗಿಂತ ನೂರಾರು ಪಟ್ಟು ಚೆನ್ನಾಗಿ ಸಾಗಿಸುತ್ತದೆ ಎಂಬುದು ನಿಜ. ಆದರೆ ಅದು ಎರಡೂ ಕಡೆಗೆ ಸಾಗಿಸುತ್ತದೆ. ಎಂಜಿನ್ ಪಕ್ಕ ಹಾಯುವ ಕೋಲ್ಡ್ ಸೈಡ್ ಪೈಪ್ ಬಿಸಿಯನ್ನು ಒಳಕ್ಕೆ ಬಿಡುವ ಸಾಧ್ಯತೆಯೂ ಇದೆ. ಕಾರು ವೇಗವಾಗಿ ಹೋಗುವಾಗ ಗಾಳಿ 1 ಮೀಟರ್ ಪೈಪನ್ನು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಲ್ಲಿ ದಾಟಿಬಿಡುತ್ತದೆ. ಅಷ್ಟರಲ್ಲಿ ಹೆಚ್ಚು ಬಿಸಿಯಾಗುವುದೂ ಇಲ್ಲ, ತಣ್ಣಗಾಗುವುದೂ ಇಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್‌ನಂಥ ಕಡೆ ನಿಂತು ನಿಂತು ಸಾಗುವಾಗಲಾದರೋ ಬಾನೆಟ್ ಒಳಗಿನ ಬಿಸಿಗೆ ಲೋಹದ ಪೈಪೇ ಬೇಗ ಕಾಯುತ್ತದೆ. ಗಾಳಿ ತಣಿಸುವ ಕೆಲಸ ಇಂಟರ್‌ಕೂಲರ್‌ನದು, ಪೈಪ್‌ನದಲ್ಲ.

ಹೇಳಿಕೆ 3: ದೊಡ್ಡ ಪೈಪ್ ಹಾಕಿದರೆ ಟರ್ಬೊ ಲ್ಯಾಗ್ ವಿಪರೀತ ಹೆಚ್ಚುತ್ತದೆ

ಇದು ಎದುರು ಗುಂಪಿನ ಫಾರ್ವರ್ಡ್. ಇದರಲ್ಲೂ ಉತ್ಪ್ರೇಕ್ಷೆ ಇದೆ. ಎರಡೂವರೆ ಮೀಟರ್ ಉದ್ದದ ಪೈಪ್ 50 ಮಿ.ಮೀ. ಬದಲು 63 ಮಿ.ಮೀ. ಆದರೆ, ತುಂಬಬೇಕಾದ ಜಾಗ 4.9 ಲೀಟರ್‌ನಿಂದ 7.8 ಲೀಟರ್‌ಗೆ ಏರುತ್ತದೆ. ಹೆಚ್ಚುವರಿ 3 ಲೀಟರ್ ತುಂಬಲು ಬೇಕಾಗುವುದು ಸೆಕೆಂಡಿನ ಒಂದೆರಡು ದಶಾಂಶದಷ್ಟು ಸಮಯ ಮಾತ್ರ. ಲ್ಯಾಗ್‌ಗೆ ಮುಖ್ಯ ಕಾರಣ ಟರ್ಬೊದ ಚಕ್ರ ವೇಗ ಪಡೆಯಲು ತೆಗೆದುಕೊಳ್ಳುವ ಸಮಯ. ಹಾಗೆಂದು ಬೇಕಿಲ್ಲದೆ ದೊಡ್ಡ ಪೈಪ್ ಹಾಕಿಸುವುದಕ್ಕೂ ಕಾರಣವಿಲ್ಲ. ಅದರಲ್ಲಿ ಇನ್ನೊಂದು ತೊಂದರೆ ಇದೆ, ಮುಂದೆ ಹೇಳುತ್ತೇವೆ.

ಹೇಳಿಕೆ 4: ಪಿವಿಸಿ ಪೈಪ್, ರೇಡಿಯೇಟರ್ ಹೋಸ್ ಸಾಕು, ಸಾವಿರಾರು ರೂಪಾಯಿ ಯಾಕೆ?

ಇದು ಅಪಾಯಕಾರಿ ಸಲಹೆ. ನೀರಿನ ಲೈನ್‌ಗೆ ಬಳಸುವ ಪಿವಿಸಿ ಪೈಪ್ 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ಟರ್ಬೊದಿಂದ ಬರುವ ಗಾಳಿ 125 ಡಿಗ್ರಿ ಮುಟ್ಟಬಹುದು ಎಂದು ಮೇಲೆ ನೋಡಿದೆವು. ಮೆತ್ತಗಾದ ಪೈಪ್ ಒತ್ತಡಕ್ಕೆ ಉಬ್ಬಿ ಒಡೆಯುತ್ತದೆ, ಇಲ್ಲವೇ ಕ್ಲಾಂಪ್‌ನಿಂದ ಜಾರುತ್ತದೆ.

ರೇಡಿಯೇಟರ್ ಹೋಸ್‌ನ ರಬ್ಬರ್ ನೀರು ಮತ್ತು ಕೂಲಂಟ್‌ಗೆಂದು ಮಾಡಿದ್ದು. ಅದಕ್ಕೆ ಎಣ್ಣೆ ಆಗುವುದಿಲ್ಲ. ಟರ್ಬೊ ಪೈಪ್‌ಗಳ ಒಳಗೆ ಎಂಜಿನ್ ಆಯಿಲ್‌ನ ತೆಳು ಪಸೆ ಇದ್ದೇ ಇರುತ್ತದೆ. ಅದು ತಾಗಿ ತಾಗಿ ರಬ್ಬರ್ ಊದಿಕೊಂಡು ಸಡಿಲಾಗುತ್ತದೆ. ಇಲ್ಲಿ ಬೇಕಾದದ್ದು ಒಳಗೆ ಬಟ್ಟೆಯ ಪದರಗಳಿರುವ, ಟರ್ಬೊ ಬಳಕೆಗೆಂದೇ ಮಾಡಿದ ಸಿಲಿಕೋನ್ ಹೋಸ್. ಎಣ್ಣೆಯ ಪಸೆ ಹೆಚ್ಚಿರುವ ಕಾರಿಗೆ ಒಳಪದರ ಫ್ಲೋರೋಸಿಲಿಕೋನ್ ಇರುವುದು ಉತ್ತಮ.

ಪೈಪ್ ಯಾಕೆ ಕಳಚುತ್ತದೆ?

ಈ ಲೇಖನದಲ್ಲಿ ಒಂದೇ ವಿಷಯ ನೆನಪಿಡುವುದಾದರೆ ಇದನ್ನು ನೆನಪಿಡಿ. 1 ಬಾರ್ ಒತ್ತಡದಲ್ಲಿ 50 ಮಿ.ಮೀ. ಪೈಪ್‌ನ ಬಾಗಿನಲ್ಲಿ, ಅದನ್ನು ಹೋಸ್‌ನಿಂದ ಹೊರಕ್ಕೆ ತಳ್ಳುವ ಬಲ ಸುಮಾರು 20 ಕಿಲೋ ಭಾರಕ್ಕೆ ಸಮ. ಪೈಪ್ 63 ಮಿ.ಮೀ. ಆದರೆ ಅದು 32 ಕಿಲೋ, ಅಂದರೆ ಅಡುಗೆಮನೆಯ ತುಂಬಿದ ಗ್ಯಾಸ್ ಸಿಲಿಂಡರ್ ಒಂದನ್ನು ಆ ಪೈಪ್‌ಗೆ ತೂಗುಹಾಕಿದಂತೆ. 76 ಮಿ.ಮೀ.ಗೆ ಸುಮಾರು 46 ಕಿಲೋ. ಒತ್ತಡ ಅಷ್ಟೇ ಇದ್ದರೂ ಪೈಪ್ ಅಗಲವಾದಂತೆ ತಳ್ಳುವ ಬಲ ಹೆಚ್ಚುತ್ತದೆ. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಈ ಬಲ ಬೀಳುತ್ತದೆ, ಬಿಟ್ಟಾಗ ಹೋಗುತ್ತದೆ. ಒಳಗೆ ಎಣ್ಣೆಯ ಪಸೆ ಬೇರೆ ಇದೆ. ಸರಿಯಾಗಿ ಹಿಡಿದಿಲ್ಲದ ಪೈಪ್ ಜಾರದೆ ಇನ್ನೇನು ಮಾಡೀತು?

ಪೈಪ್ ಕಳಚುವುದು ಒತ್ತಡ ಅತಿ ಹೆಚ್ಚಿರುವಾಗ. ಶಿರಾಡಿ ಅಥವಾ ಚಾರ್ಮಾಡಿ ಘಾಟಿಯಲ್ಲಿ ಲಾರಿಯೊಂದನ್ನು ಹಿಂದಿಕ್ಕಲು ಆಕ್ಸಿಲರೇಟರ್ ಪೂರ್ತಿ ತುಳಿದಿದ್ದೀರಿ, ಎದುರಿನಿಂದ ಬಸ್ಸು ಬರುತ್ತಿದೆ. ಆ ಕ್ಷಣದಲ್ಲಿ 'ಢಪ್' ಎಂದು ಪೈಪ್ ಕಳಚಿದರೆ ಟರ್ಬೊದ ಶಕ್ತಿ ಅಲ್ಲಿಗೇ ಮುಗಿಯಿತು. ಪೆಟ್ರೋಲ್ ಕಾರು ಆಫ್ ಆಗಿಬಿಡಲೂಬಹುದು. ಪೈಪ್ ಜೋಡಣೆ ಚೆಂದದ ವಿಷಯವಲ್ಲ, ಸುರಕ್ಷತೆಯ ವಿಷಯ ಎಂದು ನಾವು ಹೇಳುವುದು ಇದಕ್ಕೇ.

ಸರಿಯಾದ ಜೋಡಣೆ ಹೇಗಿರುತ್ತದೆ?

ಈ ಕೆಲಸವನ್ನು ನುರಿತ ಮೆಕ್ಯಾನಿಕ್ ಮಾಡಬೇಕು. ಆದರೆ ಮಾಡಿಸಿಕೊಳ್ಳುವ ನಿಮಗೂ ಏನು ನೋಡಬೇಕೆಂದು ಗೊತ್ತಿರಲಿ.

ಪೈಪ್‌ನ ತುದಿಯಲ್ಲಿ ಉಂಗುರದಂಥ ಉಬ್ಬು ಇರಬೇಕು. ಇದಕ್ಕೆ 'ಬೀಡ್' ಎನ್ನುತ್ತಾರೆ. ಹೋಸ್ ಈ ಉಬ್ಬನ್ನು ದಾಟಿ ಒಳಗೆ ಹೋಗಿರಬೇಕು, ಕ್ಲಾಂಪ್ ಉಬ್ಬಿನ ಹಿಂದೆ ಕೂರಬೇಕು. ಕ್ಲಾಂಪ್ ಉಬ್ಬಿನ ಮೇಲೆಯೇ ಇದ್ದರೆ ಅಥವಾ ಪೈಪ್‌ನ ತುದಿ ನುಣ್ಣಗೆ ಕತ್ತರಿಸಿದಂತಿದ್ದರೆ ಅದು ಎಂದಾದರೂ ಕಳಚುತ್ತದೆ.

ಪೈಪ್ ಹೋಸ್‌ನೊಳಗೆ ಕನಿಷ್ಠ 25 ಮಿ.ಮೀ. ಹೋಗಿರಬೇಕು. ಅಳತೆ ಸಾಲದೆ ತುದಿಗೆ ತುದಿ ಮುಟ್ಟಿಸಿದ ಜೋಡಣೆ ನಿಲ್ಲುವುದಿಲ್ಲ.

ಜೋಡಿಸುವಾಗ ಪೈಪ್ ಮತ್ತು ಹೋಸ್‌ನ ಒಳಭಾಗ ಒಣಗಿರಬೇಕು. ಸುಲಭವಾಗಿ ಜಾರಿ ಕೂರಲಿ ಎಂದು ಗ್ರೀಸ್, ಆಯಿಲ್ ಸವರುವುದು ದೊಡ್ಡ ತಪ್ಪು, ಕಳಚುವಾಗಲೂ ಅದು ಅಷ್ಟೇ ಸುಲಭವಾಗಿ ಜಾರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಆರಿದ ಮೇಲೆ ಜೋಡಿಸುವುದು ಸರಿಯಾದ ಕ್ರಮ.

ಕ್ಲಾಂಪ್ ಅಳತೆಗೆ ತಕ್ಕದ್ದಾಗಿರಬೇಕು. ಹೆಚ್ಚು ಒತ್ತಡಕ್ಕೆ ಟಿ-ಬೋಲ್ಟ್ ಕ್ಲಾಂಪ್ ಒಳ್ಳೆಯದು, ಅದು ಸುತ್ತಲೂ ಸಮವಾಗಿ ಹಿಡಿಯುತ್ತದೆ. ಸೀಳು ಗೆರೆಗಳಿರುವ ಮಾಮೂಲಿ ಸ್ಕ್ರೂ ಕ್ಲಾಂಪ್ ಮೆತ್ತಗಿನ ಸಿಲಿಕೋನನ್ನು ಕತ್ತರಿಸಬಹುದು. ಬಿಗಿ ಹೆಚ್ಚಾದಷ್ಟೂ ಒಳ್ಳೆಯದು ಎಂಬುದೂ ತಪ್ಪು. ಹೋಸ್ ಹಿಂಡಿದಂತಾಗಿ ಹೊರಗೆ ಉಬ್ಬಿದರೆ ಅತಿಯಾಯಿತು ಎಂದರ್ಥ. ಒಂದೆರಡು ಸಲ ಕಾರು ಓಡಿಸಿ, ಎಂಜಿನ್ ಆರಿದ ಮೇಲೆ ಮತ್ತೊಮ್ಮೆ ಬಿಗಿ ನೋಡಬೇಕು.

ಪೈಪ್‌ಗೆ ಅಲುಗಾಡಲು ಜಾಗ ಇರಬೇಕು. ಇಂಟರ್‌ಕೂಲರ್ ಬಾಡಿಗೆ ಬಿಗಿದಿರುತ್ತದೆ, ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕುಳಿತು ಅತ್ತಿತ್ತ ಆಡುತ್ತದೆ. ಇವೆರಡರ ನಡುವಿನ ಲೋಹದ ಪೈಪ್‌ಗೆ ಎರಡೂ ಕಡೆ ಮೆದು ಹೋಸ್ ಬೇಕೇಬೇಕು. ಬ್ರೇಕ್ ಪೈಪ್, ವೈರಿಂಗ್, ಬೆಲ್ಟ್ ಯಾವುದಕ್ಕೂ ಅದು ಉಜ್ಜುವಂತಿರಬಾರದು. ಬ್ರೇಕ್ ಲೈನ್‌ಗೆ ಉಜ್ಜುವ ಪೈಪ್, ಕಳಚುವ ಪೈಪ್‌ಗಿಂತಲೂ ಅಪಾಯ.

ಒಳಗೆ ಒಂದು ಕಣವೂ ಉಳಿದಿರಬಾರದು. ಏರ್ ಫಿಲ್ಟರ್ ಇರುವುದು ಟರ್ಬೊಗಿಂತ ಮೊದಲು. ಪೈಪ್‌ನೊಳಗೆ ಉಳಿದ ವೆಲ್ಡಿಂಗ್ ಚೂರು, ಲೋಹದ ಪುಡಿ, ಮರೆತುಹೋದ ಬಟ್ಟೆ ಚೂರು ತಡೆಯಿಲ್ಲದೆ ಎಂಜಿನ್ ಕಡೆಗೆ ಹೋಗುತ್ತವೆ. ಹೊಸ ಪೈಪನ್ನೂ ತೊಳೆದು, ಒಣಗಿಸಿಯೇ ಹಾಕಬೇಕು.

ಸೆನ್ಸರ್ ಕೂರಿಸುವ ಜಾಗ ಸರಿಯಾಗಿರಬೇಕು. ಹಲವು ಕಾರುಗಳಲ್ಲಿ ಒತ್ತಡ ಮತ್ತು ತಾಪ ಅಳೆಯುವ ಸೆನ್ಸರ್ ಕೋಲ್ಡ್ ಸೈಡ್ ಪೈಪ್ ಮೇಲೇ ಇರುತ್ತದೆ. ಹೊಸ ಪೈಪ್‌ನಲ್ಲಿ ಅದಕ್ಕೆ ತಕ್ಕ ಜಾಗ, ಸರಿಯಾದ ಓ-ರಿಂಗ್ ಇಲ್ಲದಿದ್ದರೆ ಅಲ್ಲೇ ಸೋರುತ್ತದೆ.

ಸೋರಿಕೆಯ ಲಕ್ಷಣಗಳೇನು?

- ಆಕ್ಸಿಲರೇಟರ್ ಒತ್ತಿದಾಗ 'ಸುಸ್ಸ್' ಎಂಬ ಹೊಸ ಸದ್ದು
- ಪಿಕಪ್ ಕುಸಿತ, ಮೈಲೇಜ್ ಇಳಿಕೆ
- ಡೀಸೆಲ್ ಕಾರಿನಲ್ಲಿ ಕಪ್ಪು ಹೊಗೆ
- ಚೆಕ್ ಎಂಜಿನ್ ದೀಪ. ಸ್ಕ್ಯಾನ್ ಮಾಡಿದರೆ ಪಿ0299 ಎಂಬ ಕೋಡ್, ಅಂದರೆ ಟರ್ಬೊ ಒತ್ತಡ ಸಾಲುತ್ತಿಲ್ಲ
- ಜೋಡಣೆಯ ಸುತ್ತ ಎಣ್ಣೆ ಮತ್ತು ಧೂಳಿನ ಕಪ್ಪು ಪಸೆ

ಬಿಎಸ್6 ಡೀಸೆಲ್ ಕಾರಿನಲ್ಲಿ ಹೊಗೆಯ ಮಸಿಯನ್ನು ಡಿಪಿಎಫ್ ಹಿಡಿದಿಟ್ಟುಕೊಳ್ಳುವುದರಿಂದ ಕಪ್ಪು ಹೊಗೆ ಕಾಣದೇ ಇರಬಹುದು. ಅದರ ಬದಲು ಡಿಪಿಎಫ್ ಬೇಗ ಬೇಗ ಕಟ್ಟಿಕೊಳ್ಳುತ್ತದೆ. ಸೋರಿಕೆಯನ್ನು ಹಾಗೇ ಬಿಟ್ಟರೆ, ಕಡಿಮೆಯಾದ ಒತ್ತಡ ಸರಿದೂಗಿಸಲು ಟರ್ಬೊ ಮಿತಿಮೀರಿ ತಿರುಗಿ ಅದರ ಆಯಸ್ಸು ಕಡಿಮೆಯಾಗುತ್ತದೆ.

ಪತ್ತೆ ಮಾಡುವ ವಿಧಾನ ಪಂಕ್ಚರ್ ಅಂಗಡಿಯದ್ದೇ. ಪೈಪ್‌ಗಳ ಬಾಯಿ ಮುಚ್ಚಿ, ಸ್ವಲ್ಪ ಒತ್ತಡದಲ್ಲಿ ಗಾಳಿ ತುಂಬಿ, ಜೋಡಣೆಗಳ ಮೇಲೆ ಸೋಪಿನ ನೀರು ಹಾಕಿದರೆ ಗುಳ್ಳೆ ಏಳುತ್ತದೆ. ಕೆಲವು ಗ್ಯಾರೇಜ್‌ಗಳಲ್ಲಿ ಹೊಗೆ ಬಿಟ್ಟು ನೋಡುವ ಯಂತ್ರವಿರುತ್ತದೆ. ಗಾಳಿ ತುಂಬುವ ಪರೀಕ್ಷೆಯನ್ನು ಮನೆಯಲ್ಲಿ ಮಾಡಬೇಡಿ. ಒತ್ತಡ ಹೆಚ್ಚಾದರೆ ಮುಚ್ಚಳ ಗುಂಡಿನಂತೆ ಹಾರುತ್ತದೆ.

ಪೈಪ್ ಬಿಚ್ಚಿದಾಗ ಒಳಗೆ ಎಣ್ಣೆಯ ತೆಳು ಪಸೆ ಕಂಡರೆ ಗಾಬರಿ ಬೇಡ, ಅದು ಸಹಜ. ಎಣ್ಣೆ ನಿಂತಿದ್ದರೆ, ತೊಟ್ಟಿಕ್ಕುತ್ತಿದ್ದರೆ ಟರ್ಬೊವನ್ನೇ ಪರೀಕ್ಷಿಸಬೇಕು.

'ಪ್ಶ್ಶ್' ಸದ್ದಿನ ಕಥೆ

ಪೈಪ್ ಜೊತೆಗೆ ಬ್ಲೋ-ಆಫ್ ವಾಲ್ವ್ ಕೂಡ ಮಾರುತ್ತಾರೆ. ಪೆಟ್ರೋಲ್ ಕಾರಿನಲ್ಲಿ ಆಕ್ಸಿಲರೇಟರ್ ಬಿಟ್ಟ ಕೂಡಲೇ ಪೈಪ್‌ನಲ್ಲಿ ಸಿಕ್ಕಿಬಿದ್ದ ಗಾಳಿಯನ್ನು ಇದು ಹೊರಬಿಡುತ್ತದೆ. ಆದರೆ ಗಾಳಿ ಅಳೆಯುವ ಸೆನ್ಸರ್ ಟರ್ಬೊಗಿಂತ ಮೊದಲೇ ಇರುವ ಕಾರಿನಲ್ಲಿ, ಇಸಿಯು ಆ ಗಾಳಿಯನ್ನು ಆಗಲೇ ಲೆಕ್ಕಕ್ಕೆ ತೆಗೆದುಕೊಂಡಿರುತ್ತದೆ. ಅದು ಹೊರಹೋದರೆ ಪೆಟ್ರೋಲ್ ಹೆಚ್ಚಾಗಿ ಎಂಜಿನ್ ತಡವರಿಸುತ್ತದೆ. ಕಂಪನಿಗಳು ಈ ಗಾಳಿಯನ್ನು ಮತ್ತೆ ಟರ್ಬೊದ ಬಾಯಿಗೇ ಮರಳಿಸುವುದು ಅದಕ್ಕಾಗಿ. ಸದ್ದು ಬರುವುದರಿಂದ ಶಕ್ತಿಯೇನೂ ಬರುವುದಿಲ್ಲ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮಿನಡಿ, ಕಾಯ್ದೆ ಮತ್ತು ನಿಯಮಗಳು ಒಪ್ಪದ ಮಾರ್ಪಾಡಿಗೆ 6 ತಿಂಗಳವರೆಗೆ ಜೈಲು, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ವಿಧಿಸಬಹುದು.

ಹಾಳಾದ ಪೈಪ್‌ನ ಜಾಗದಲ್ಲಿ ಅದೇ ಅಳತೆಯ ಪೈಪ್ ಹಾಕುವುದು ದುರಸ್ತಿ. ದೊಡ್ಡ ಟರ್ಬೊ ಕೂರಿಸುವುದು, ದೊಡ್ಡ ಇಂಟರ್‌ಕೂಲರ್‌ಗೆ ಜಾಗ ಮಾಡಲು ಬಂಪರ್ ಹಿಂದಿನ ಉಕ್ಕಿನ ಬೀಮ್ ಕತ್ತರಿಸುವುದು ಬೇರೆಯೇ ಮಾತು. ಅಪಘಾತದಲ್ಲಿ ಮೊದಲ ಪೆಟ್ಟು ತಡೆಯುವುದು ಆ ಬೀಮ್. ಅದನ್ನು ಕತ್ತರಿಸಲು ಯಾರೇ ಹೇಳಿದರೂ ಒಪ್ಪಬೇಡಿ. ಮಾರ್ಪಾಡು ಮಾಡಿಸಿದ್ದನ್ನು ವಿಮಾ ಕಂಪನಿಗೆ ತಿಳಿಸದಿದ್ದರೆ ಕ್ಲೇಮ್ ಸಮಯದಲ್ಲಿ ತಕರಾರು ಬರುತ್ತದೆ. ವಾರಂಟಿ ಇರುವ ಕಾರಾದರೆ ಅದರ ಷರತ್ತುಗಳನ್ನೂ ಮೊದಲೇ ಓದಿ.

ಹಣ ಕೊಡುವ ಮುನ್ನ ಗ್ಯಾರೇಜಿನವರನ್ನು ಕೇಳಿ

1. ಈಗಿರುವ ಪೈಪ್‌ನಲ್ಲಿ ಸೋರಿಕೆ ಇದೆಯೇ? ಪರೀಕ್ಷಿಸಿ ತೋರಿಸುತ್ತೀರಾ?
2. ಇದು ನನ್ನ ಕಾರಿನ ಇದೇ ಎಂಜಿನ್‌ಗೆ ಮಾಡಿದ ಪೈಪಾ, ಅಥವಾ ಕತ್ತರಿಸಿ ಹೊಂದಿಸುವುದಾ?
3. ತುದಿಯಲ್ಲಿ ಬೀಡ್ ಇದೆಯೇ? ಯಾವ ಕ್ಲಾಂಪ್ ಹಾಕುತ್ತೀರಿ?
4. ಹಾಕಿದ ಮೇಲೆ ಸೋರಿಕೆ ಪರೀಕ್ಷೆ ಮಾಡುತ್ತೀರಾ?
5. ತೆಗೆದ ಹಳೆಯ ಪೈಪ್ ವಾಪಸ್ ಕೊಡುತ್ತೀರಾ?

ನಮ್ಮ ತೀರ್ಮಾನ

"ಪೈಪ್ ಬದಲಿಸಿದರೆ ಶಕ್ತಿ ಹೆಚ್ಚುತ್ತದೆ" ಎಂಬ ಹೇಳಿಕೆ ಮಾಮೂಲಿ ಟರ್ಬೊ ಕಾರುಗಳ ಮಟ್ಟಿಗೆ ದಾರಿ ತಪ್ಪಿಸುವಂಥದ್ದು. ಪಿಕಪ್ ಕಡಿಮೆಯಾಗಿದೆ ಅನ್ನಿಸಿದರೆ ಮೊದಲು ಸೋರಿಕೆ ಪರೀಕ್ಷೆ ಮಾಡಿಸಿ, ಏರ್ ಫಿಲ್ಟರ್ ನೋಡಿಸಿ. ಪೈಪ್ ಬದಲಿಸಲೇಬೇಕೆಂದಾದರೆ ಅದರ ಹೊಳಪಿಗಿಂತ ಬೀಡ್, ಕ್ಲಾಂಪ್, ಹೋಸ್ ಮೂರರ ಕಡೆ ಗಮನ ಕೊಡಿ. ಆ ರೀಲ್ಸ್ ನಿಮಗೆ ಮತ್ತೆ ಬಂದರೆ ಮುಂದಕ್ಕೆ ಕಳಿಸುವ ಮುನ್ನ ಗ್ಯಾಸ್ ಸಿಲಿಂಡರ್ ನೆನಪಾಗಲಿ. ಕಾರು ಮಾಡಿಫೈ ಮಾಡಿಸಲು ಹೊರಟ ಗೆಳೆಯರಿದ್ದರೆ ಈ ಲೇಖನವನ್ನು ಅವರಿಗೂ ಕಳಿಸಿ.